ಪಡೆಯುವವರ ಕಟ್ಟಳೆ

ಆಳವಿ ಎಂಬ ಊರಿನ ಜನ ಒಂದು ಕಾಲಕ್ಕೆ ಭಿಕ್ಷುಗಳನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದರಂತೆ, ಮನೆಯಲ್ಲಿದ್ದವರು ಕದ ಹಾಕಿಕೊಳ್ಳುತ್ತಿದ್ದರಂತೆ. ದೂರದಲ್ಲಿ ಹಸು ಕಂಡರೂ ಕಾಷಾಯದವರು ಬಂದರೆಂದು ಓಡಿಹೋಗುತ್ತಿದ್ದರಂತೆ. ಇದನ್ನು ಬರೆದಿಟ್ಟವರು ಬೌದ್ಧರ ಎದುರಾಳಿಗಳಲ್ಲ, ಸ್ವತಃ ಬೌದ್ಧರು. ಕಥೆ ಇರುವುದು ಸಂಘದ ನಿಯಮಗಳ ಸಂಗ್ರಹವಾದ ವಿನಯಪಿಟಕದಲ್ಲಿ. ಅಲ್ಲಿನ ಭಿಕ್ಷುಗಳು ತಮಗೆ ಕುಟಿ ಕಟ್ಟಿಕೊಳ್ಳಲು ಹೊರಟು, ಆಳು ಕೊಡಿ, ಎತ್ತು ಕೊಡಿ, ಗಾಡಿ ಕೊಡಿ, ಕೊಡಲಿ ಕೊಡಿ, ಹುಲ್ಲು ಕೊಡಿ, ಮಣ್ಣು ಕೊಡಿ ಎಂದು ಇಡೀ ಊರನ್ನು ಗೋಳು ಹೊಯ್ದುಕೊಂಡಿದ್ದರು. ದೂರು ಬುದ್ಧನವರೆಗೂ ಹೋಯಿತು. ಅವನು ಭಿಕ್ಷುಗಳನ್ನು ಕೂರಿಸಿಕೊಂಡು ಮಣಿಕಂಠನೆಂಬ ನಾಗನ ಕಥೆ ಹೇಳಿದ. ಗಂಗೆಯ ದಡದಲ್ಲಿದ್ದ ತಾಪಸನೊಬ್ಬನ ಬಳಿಗೆ ಆ ನಾಗ ಪ್ರೀತಿಯಿಂದ ದಿನವೂ ಬಂದು ಅವನನ್ನು ಸುತ್ತಿಕೊಂಡು ಹೆಡೆ ಹಿಡಿಯುತ್ತಿತ್ತು. ತಾಪಸ ಹೆದರಿಕೆಯಿಂದ ಸೊರಗಿಹೋದ. ಕೊನೆಗೆ ಅಣ್ಣನ ಸಲಹೆಯಂತೆ, ನಿನ್ನ ಕೊರಳಿನ ಮಣಿ ಕೊಡು ಎಂದು ಕೇಳತೊಡಗಿದ. ಮೂರು ದಿನ ಕೇಳಿದ್ದೇ ತಡ, ನಾಗ ಮತ್ತೆ ಅತ್ತ ತಲೆ ಹಾಕಲಿಲ್ಲ. ಹಾವಿಗೇ ಬೇಡಿಕೆ ಬೇಡವಾದರೆ ಮನುಷ್ಯರ ಪಾಡೇನು? ಹೀಗೆ ಕೇಳಿ ಬುದ್ಧ ನಿಯಮ ಮಾಡಿದ: ತನಗಾಗಿ ಬೇಡಿ ಕಟ್ಟಿಕೊಳ್ಳುವ ಕುಟಿ ಉದ್ದ ಹನ್ನೆರಡು ಗೇಣು, ಅಗಲ ಏಳು ಗೇಣು ಮೀರುವಂತಿಲ್ಲ.

ಬೌದ್ಧರ ದಾನ ಎಂದೊಡನೆ ನಮ್ಮ ನೆನಪಿಗೆ ಬರುವುದು ಜಾತಕ ಕಥೆಗಳು. ಕಣ್ಣು ಕಿತ್ತು ಕೊಟ್ಟ ಶಿಬಿ, ಹಸಿದ ಹುಲಿಗೆ ಮೈಯೊಪ್ಪಿಸಿದ ಬೋಧಿಸತ್ವ, ಅತಿಥಿಗಾಗಿ ಬೆಂಕಿಗೆ ಹಾರಿದ ಮೊಲ. ಎಲ್ಲವೂ ಕೊಡುವವರ ಕಥೆಗಳು. ಆದರೆ ಕೊಡುಗೈಯವರ ಕಥೆಗೆ ಈ ನಾಡಿನ ಯಾವ ಮತದಲ್ಲೂ ಬರವಿಲ್ಲ. ಬೌದ್ಧರು ನಿಜವಾಗಿ ತಲೆ ಕೆಡಿಸಿಕೊಂಡದ್ದು, ಅವರ ಸ್ವಂತದ್ದು ಎಂದು ಹೇಳಬಹುದಾದ ವಿಚಾರ ಮಾಡಿದ್ದು, ಪಡೆಯುವವರ ವಿಷಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಜೈನ ಮುನಿಗಳ ಆಹಾರ ನಿಯಮಗಳು ಇನ್ನೂ ಬಿಗಿ, ನಿಜ. ಆದರೆ ಅವುಗಳ ಗಮನ ಹೆಚ್ಚಾಗಿ ಮುನಿಯ ವ್ರತಶುದ್ಧಿಯ ಮೇಲೆ, ಹಿಂಸೆ ತಗಲದಂತೆ ನೋಡಿಕೊಳ್ಳುವುದರ ಮೇಲೆ. ವಿನಯಪಿಟಕದ ಕಣ್ಣು ಬಹಳ ಸಲ ಕೊಡುವ ಮನೆಯ ಅಡುಗೆ ಪಾತ್ರೆಯೊಳಕ್ಕೆ ಇಣುಕಿ, ಆ ಮನೆಯವರಿಗೆ ಎಷ್ಟು ಉಳಿಯಿತು ಎಂದು ನೋಡುತ್ತದೆ.

ಥೇರವಾದ ಸಂಪ್ರದಾಯದ ಭಿಕ್ಷುವಿಗೆ 227 ನಿಯಮಗಳು. ಅವುಗಳಲ್ಲಿ ಅನ್ನಕ್ಕೆ ಸಂಬಂಧಿಸಿದವು ಹೇರಳ. ಯಾರೋ ಕೈಯಾರೆ ಕೊಡದ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ನೀರು ಮತ್ತು ಹಲ್ಲುಜ್ಜುವ ಕಡ್ಡಿಗೆ ಮಾತ್ರ ವಿನಾಯಿತಿ. ಮಧ್ಯಾಹ್ನ ಕಳೆದ ಮೇಲೆ ಉಣ್ಣುವಂತಿಲ್ಲ, ನಾಳೆಗೆಂದು ಎತ್ತಿಡುವಂತಿಲ್ಲ. ಹೀಗಾಗಿ ಭಿಕ್ಷು ದಿನ ಬೆಳಗಾದರೆ ಊರಿಗೆ ಬರಲೇಬೇಕು, ಊರೂ ದಿನವೂ ಅವನನ್ನು ನೋಡಲೇಬೇಕು. ಕಾಡಿಗೆ ಹೋಗಿ ಗೆಡ್ಡೆಗೆಣಸು ತಿಂದು ಬದುಕುವ ಸ್ವಾತಂತ್ರ್ಯವನ್ನು ಬುದ್ಧ ತನ್ನ ಶಿಷ್ಯರಿಗೆ ಕೊಡಲಿಲ್ಲ. ಇನ್ನು ಸೇಖಿಯ ಎಂಬ ನಡವಳಿಕೆಯ ನಿಯಮಗಳಂತೂ ಮದುವೆಮನೆಯ ಪಂಕ್ತಿಯಲ್ಲಿ ಕೂತ ಹುಡುಗರಿಗೆ ಅಜ್ಜಿ ಹೇಳುವ ಬುದ್ಧಿಮಾತಿನ ಹಾಗಿವೆ. ಬಡಿಸುವಾಗ ಗಮನ ಪಾತ್ರೆಯ ಮೇಲಿರಲಿ. ಅಂಚು ಮೀರಿ ರಾಶಿ ಹಾಕಿಸಿಕೊಳ್ಳಬೇಡ. ಅನ್ನಕ್ಕೆ ತಕ್ಕಷ್ಟೇ ಸಾರು ಹಾಕಿಸಿಕೊ. ಇನ್ನಷ್ಟು ಸಿಗಲೆಂದು ಪಲ್ಯವನ್ನು ಅನ್ನದ ಕೆಳಗೆ ಮುಚ್ಚಿಡಬೇಡ. ಪಕ್ಕದವನ ಪಾತ್ರೆಯನ್ನು ಹುಳುಕು ಹುಡುಕುವ ಕಣ್ಣಿಂದ ನೋಡಬೇಡ. ಪಲ್ಯ ಮುಚ್ಚಿಟ್ಟ ಭಿಕ್ಷು ಯಾರೋ ಇದ್ದಿರಲೇಬೇಕು, ಇಲ್ಲವಾದರೆ ಇಂಥ ನಿಯಮ ಹುಟ್ಟುತ್ತಿರಲಿಲ್ಲ.

ಈ ಭಾಗದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಕಾಣಾ ಎಂಬ ಹೆಣ್ಣುಮಗಳ ಪ್ರಸಂಗ. ಅವಳು ತವರಿಗೆ ಬಂದಿದ್ದಾಳೆ. ಗಂಡ ಹೇಳಿ ಕಳಿಸುತ್ತಾನೆ, ಬಾ ಎಂದು. ಬರಿಗೈಯಲ್ಲಿ ಮಗಳನ್ನು ಕಳಿಸುವುದು ಹೇಗೆ ಎಂದು ತಾಯಿ ಕಜ್ಜಾಯದಂಥದ್ದೇನೋ ಮಾಡುತ್ತಾಳೆ. ಅಷ್ಟರಲ್ಲಿ ಒಬ್ಬ ಭಿಕ್ಷು ಬರುತ್ತಾನೆ, ಕೊಡುತ್ತಾಳೆ. ಅವನು ಹೋಗಿ ಇನ್ನೊಬ್ಬನಿಗೆ ಹೇಳುತ್ತಾನೆ, ಅವನು ಮತ್ತೊಬ್ಬನಿಗೆ. ಮಾಡಿದ್ದೆಲ್ಲ ಖಾಲಿ. ಗಂಡ ಮತ್ತೆ ಹೇಳಿ ಕಳಿಸುತ್ತಾನೆ, ತಾಯಿ ಮತ್ತೆ ಒಲೆ ಹಚ್ಚುತ್ತಾಳೆ, ಭಿಕ್ಷುಗಳು ಮತ್ತೆ ಬರುತ್ತಾರೆ. ಮೂರನೆಯ ಕರೆಗೂ ಮಗಳು ಹೋಗದಿದ್ದಾಗ ಗಂಡ ಬೇರೆ ಮದುವೆಯಾಗುತ್ತಾನೆ. ಕಾಣಾ ಅಳುತ್ತಾ ಕೂರುತ್ತಾಳೆ. ಭಿಕ್ಷುಗಳು ಕದ್ದಿರಲಿಲ್ಲ, ಒತ್ತಾಯಿಸಿಯೂ ಇರಲಿಲ್ಲ; ಭಕ್ತಿಯಿಂದ ಕೊಟ್ಟದ್ದನ್ನು ಪಡೆದಿದ್ದರು, ಅಷ್ಟೆ. ಆದರೂ ಒಂದು ಸಂಸಾರ ಮುರಿಯಿತು. ಇಂಥ ಮನೆಗಳಲ್ಲಿ ಎರಡು ಮೂರು ಪಾತ್ರೆಗಿಂತ ಹೆಚ್ಚು ಹಾಕಿಸಿಕೊಳ್ಳಬಾರದು, ಹಾಕಿಸಿಕೊಂಡದ್ದನ್ನು ಇತರರೊಡನೆ ಹಂಚಿಕೊಳ್ಳಬೇಕು ಎಂಬ ನಿಯಮಕ್ಕೆ ಈ ಕಥೆಯೇ ಪೀಠಿಕೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಒಂದು ಕುಟುಂಬಕ್ಕೆ ಶ್ರದ್ಧೆ ಬೆಳೆಯುತ್ತಿದೆ, ಆಸ್ತಿ ಕರಗುತ್ತಿದೆ. ಮನೆಯಲ್ಲಿದ್ದುದನ್ನೆಲ್ಲ ಭಿಕ್ಷುಗಳಿಗೆ ಬಡಿಸಿ ಅವರು ಉಪವಾಸ ಮಲಗುತ್ತಾರೆ. ಸಂಘ ಸಭೆ ಸೇರಿ ಆ ಮನೆಯನ್ನು ಹೆಸರಿಟ್ಟು ಗುರುತಿಸುತ್ತದೆ: ಅವರಾಗಿ ಕರೆಯದ ಹೊರತು, ಕಾಯಿಲೆ ಬಿದ್ದವರ ಹೊರತು, ಯಾವ ಭಿಕ್ಷುವೂ ಅಲ್ಲಿ ಕೈಯೊಡ್ಡಿ ಉಣ್ಣಬಾರದು. ಕೊಡಬೇಡಿ ಎಂದು ಆ ಮನೆಯವರಿಗೆ ಉಪದೇಶ ಹೋಗಲಿಲ್ಲ. ತಡೆ ಬಿದ್ದದ್ದು ತೆಗೆದುಕೊಳ್ಳುವ ಕೈಗೆ. ದೇಣಿಗೆ ಎತ್ತುವ ಯಾವ ಸಂಸ್ಥೆಯಾದರೂ, ಅತಿಯಾಗಿ ಕೊಡುವ ಬಡವರ ಪಟ್ಟಿ ಮಾಡಿ, ಇವರಿಂದ ತೆಗೆದುಕೊಳ್ಳಬೇಡಿ ಎಂದು ತನ್ನವರಿಗೆ ಆಜ್ಞೆ ಹೊರಡಿಸಿದ್ದನ್ನು ನಾನಂತೂ ಬೇರೆಡೆ ಕಂಡಿಲ್ಲ.

ಹಾಗೆಂದು ಬಡವರಿಂದ ಪಡೆಯಲೇಬಾರದು ಎಂದಲ್ಲ. ಮಹಾಕಸ್ಸಪ ಥೇರ ಕುಷ್ಠರೋಗಿಯೊಬ್ಬನ ಮುಂದೆ ಭಿಕ್ಷೆಗೆ ನಿಂತ ಪ್ರಸಂಗ ಥೇರಗಾಥೆಯಲ್ಲಿದೆ. ಆ ರೋಗಿ ತುತ್ತು ಹಾಕುವಾಗ ಅವನ ಬೆರಳೊಂದು ಕಳಚಿ ಪಾತ್ರೆಗೆ ಬಿತ್ತು. ಕಸ್ಸಪ ಗೋಡೆಯ ಬದಿಗೆ ಕುಳಿತು ಅಸಹ್ಯಪಡದೆ ಆ ತುತ್ತನ್ನು ಉಂಡ. ಇನ್ನು ಕಮ್ಮಾರನ ಮಗ ಚುಂದ ಬಡಿಸಿದ ಊಟದ ನಂತರ ಬುದ್ಧನಿಗೆ ಮಾರಣಾಂತಿಕ ಕಾಯಿಲೆಯಾಯಿತು. ಆಗ ಬುದ್ಧ ಶಿಷ್ಯ ಆನಂದನಿಗೆ ಮುಂಚಿತವಾಗಿಯೇ ಹೇಳಿಟ್ಟದ್ದು ಚುಂದನ ಮನಸ್ಸಿನ ಬಗ್ಗೆ: ನನ್ನ ಊಟದಿಂದಲೇ ಹೀಗಾಯಿತೆಂದು ಅವನು ಕೊರಗಬಾರದು, ಬೋಧಿಗೆ ಮುಂಚಿನ ಊಟಕ್ಕೂ ಈ ಊಟಕ್ಕೂ ಸಮಾನ ಫಲವೆಂದು ಅವನಿಗೆ ತಿಳಿಸು ಎಂದ. ಪಡೆದವರ ಹೊಣೆ ಊಟದೊಂದಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ದುಡಿಯದೆ ಉಣ್ಣುವುದು ಸರಿಯೆ ಎಂಬ ಪ್ರಶ್ನೆಯನ್ನು ಬುದ್ಧನ ಮುಖಕ್ಕೇ ಕೇಳಿದವನು ಕಸಿ ಭಾರದ್ವಾಜ. ಐನೂರು ನೇಗಿಲು ಕಟ್ಟಿಸಿ ಬಿತ್ತನೆ ಮಾಡಿಸುತ್ತಿದ್ದ ಭೂಮಾಲೀಕ ಬ್ರಾಹ್ಮಣ. ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೇ ಮಾಡು ಎಂದ. ನಾನೂ ಉಳುತ್ತೇನೆ, ಶ್ರದ್ಧೆಯೇ ಬೀಜ ಎಂದು ಆರಂಭಿಸಿ ಬುದ್ಧ ತನ್ನ ಬೇಸಾಯವನ್ನು ಗಾಥೆಗಳಲ್ಲಿ ವಿವರಿಸುತ್ತಾನೆ. ಎಲ್ಲರೂ ಉದ್ಧರಿಸುವುದು ಅಷ್ಟನ್ನೇ. ಮುಂದಿನದು ನನಗೆ ಹೆಚ್ಚು ಮುಖ್ಯ. ಮಾತಿಗೆ ಮನಸೋತ ಬ್ರಾಹ್ಮಣ ದೊಡ್ಡ ತಟ್ಟೆಯಲ್ಲಿ ಪಾಯಸ ತಂದೊಡ್ಡಿದಾಗ ಬುದ್ಧ ಅದನ್ನು ಮುಟ್ಟಲಿಲ್ಲ. ಗಾಥೆ ಹೇಳಿ ಗಳಿಸಿದ ಅನ್ನ ತನಗೆ ಸಲ್ಲದು ಎಂದ. ಉಪದೇಶವನ್ನು ದುಡಿಮೆಯೆಂದು ಲೆಕ್ಕ ಹಾಕಿದರೆ ಅನ್ನ ಅದಕ್ಕೆ ಕೂಲಿಯಾಗಿಬಿಡುತ್ತದೆ. ಆ ವ್ಯಾಪಾರವೇ ಬೇಡ ಎಂಬ ನಿಲುವು ಅವನದು. ನಮ್ಮ ಹನ್ನೆರಡನೆಯ ಶತಮಾನದ ಶರಣರು ಇದೇ ಪ್ರಶ್ನೆಗೆ ಕಾಯಕ ಮತ್ತು ದಾಸೋಹದ ಮೂಲಕ ಬೇರೆಯೇ ಉತ್ತರ ಕೊಟ್ಟರು. ಎರಡೂ ಉತ್ತರಗಳನ್ನು ಎದುರುಬದುರು ಇಟ್ಟು ಕನ್ನಡದಲ್ಲಿ ವಿಸ್ತಾರವಾಗಿ ಬರೆಯಬೇಕಾಗಿದೆ. ಇಲ್ಲಿ ಅದಕ್ಕೆ ಜಾಗವಿಲ್ಲ.

ಯಾರಿಗೆ ಕೊಡಬೇಕು ಎಂಬ ಚರ್ಚೆಗೆ ಬುದ್ಧನ ಉಪದೇಶಗಳ ಸಂಗ್ರಹವಾದ ಸುತ್ತಪಿಟಕದಲ್ಲಿ ಎರಡು ದನಿಗಳಿವೆ, ಅವು ಪೂರ್ತಿ ಒಂದಾಗುವುದಿಲ್ಲ. ಒಂದು ದನಿ ಪಾತ್ರಾಪಾತ್ರ ವಿವೇಚನೆಯದು: ಸಂಘ ಪುಣ್ಯದ ಹೊಲ, ಒಳ್ಳೆಯ ಹೊಲದಲ್ಲಿ ಬಿತ್ತಿದರೆ ಒಳ್ಳೆಯ ಫಸಲು. ಇನ್ನೊಂದು ದನಿ ಸೀಹ ಸೇನಾಪತಿಯ ಪ್ರಸಂಗದಲ್ಲಿ ಕೇಳಿಸುತ್ತದೆ. ವೈಶಾಲಿಯ ಸೀಹ ನಿಗಂಠರ ಅನುಯಾಯಿ, ಅಂದರೆ ಜೈನ ಶ್ರಾವಕ. ಅವನು ಬುದ್ಧನ ಕಡೆ ಬಂದಾಗ ಬುದ್ಧ ಹೇಳಿದ್ದು, ನಿನ್ನ ಮನೆ ಬಹುಕಾಲದಿಂದ ನಿಗಂಠರಿಗೆ ಅನ್ನದ ಬಾವಿಯಂತಿತ್ತು, ಅವರು ಬಂದರೆ ಇನ್ನು ಮುಂದೆಯೂ ಕೊಡುತ್ತಿರು ಎಂದು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಜೈನರ ಚತುರ್ವಿಧ ದಾನವನ್ನು ಶಾಸನಗಳಲ್ಲಿ ಮತ್ತೆ ಮತ್ತೆ ಓದಿರುವ ಕನ್ನಡಿಗರಿಗೆ ಈ ಪ್ರಸಂಗ ಹತ್ತಿರದ್ದೆನಿಸಬಹುದು.

ದಕ್ಖಿಣಾವಿಭಂಗ ಸುತ್ತದಲ್ಲಿ ಮಹಾಪ್ರಜಾಪತಿ ಗೌತಮಿ ತಾನೇ ನೂತು ನೇಯ್ದ ಒಂದು ಜೊತೆ ಬಟ್ಟೆಯನ್ನು ಬುದ್ಧನಿಗೆ ತರುತ್ತಾಳೆ. ಹೆತ್ತ ತಾಯಿ ತೀರಿಕೊಂಡ ಮೇಲೆ ಎದೆಹಾಲು ಕೊಟ್ಟು ಸಾಕಿದ ಚಿಕ್ಕಮ್ಮ ಅವಳು. ಬುದ್ಧ, ಸಂಘಕ್ಕೆ ಕೊಡು ಎನ್ನುತ್ತಾನೆ. ಮೂರು ಸಲ ಕೇಳಿಕೊಂಡರೂ ಅದೇ ಮಾತು. ಆನಂದ ನಡುವೆ ಬಂದು ಹಾಲಿನ ಋಣವನ್ನು ನೆನಪಿಸಬೇಕಾಗುತ್ತದೆ. ಬಳಿಕ ಬರುವ ವಿವರಣೆಯ ತಿರುಳು ಇಷ್ಟು: ವ್ಯಕ್ತಿಗೆ ಕೊಟ್ಟದ್ದು ಎಂದೂ ಸಂಘಕ್ಕೆ ಕೊಟ್ಟದ್ದಕ್ಕೆ ಸಮನಲ್ಲ, ಮುಂದೊಂದು ಕಾಲಕ್ಕೆ ಕೊರಳಿಗೆ ಕಾವಿ ಸುತ್ತಿಕೊಂಡ ಶೀಲಗೆಟ್ಟವರು ಬರುತ್ತಾರೆ, ಆಗಲೂ ಸಂಘದ ಹೆಸರಿನಲ್ಲಿ ಅವರಿಗೆ ಕೊಟ್ಟರೆ ಅಪಾರ ಫಲ. ಇಲ್ಲಿ ನನಗೆ ತಕರಾರಿದೆ. ವ್ಯಕ್ತಿಪೂಜೆಯಿಂದ ದಾನವನ್ನು ಬಿಡಿಸಿದ್ದು ದೊಡ್ಡ ಹೆಜ್ಜೆ. ಆದರೆ ಅದೇ ಮಾತು ಕೆಟ್ಟ ಭಿಕ್ಷುಗಳಿಗೆ ಶತಮಾನಗಳ ಕಾಲ ರಕ್ಷಾಕವಚವೂ ಆಯಿತು. ಮೇಲೆ ಹೇಳಿದ ವಿನಯದ ಎಚ್ಚರ ಈ ಸುತ್ತದಲ್ಲಿ ಸಡಿಲವಾಗಿದೆ.

ಪಡೆದವರು ತಿರುಗಿ ಏನು ಕೊಡುತ್ತಾರೆ? ಸಿಗಾಲೋವಾದ ಸುತ್ತ ಗೃಹಸ್ಥರು ಶ್ರಮಣರಿಗೆ ಐದು ಬಗೆಯಲ್ಲಿ ನಡೆದುಕೊಳ್ಳಬೇಕೆಂದೂ ಶ್ರಮಣರು ಆರು ಬಗೆಯಲ್ಲಿ ಪ್ರತಿಯಾಗಿ ನಡೆದುಕೊಳ್ಳಬೇಕೆಂದೂ ಹೇಳುತ್ತದೆ. ಥೇರವಾದದ ನಾಡುಗಳಲ್ಲಿ ಬೆಳಗಿನ ಪಿಂಡಪಾತದ, ಅಂದರೆ ಭಿಕ್ಷಾಟನೆಯ, ಹೊತ್ತಿಗೆ ಕಾಣುವ ನೋಟವಂತೂ ಹೊರಗಿನವರಿಗೆ ವಿಚಿತ್ರ: ಕೊಟ್ಟವರು ಕೈಮುಗಿಯುತ್ತಾರೆ, ಪಡೆದವರು ಧನ್ಯವಾದ ಹೇಳದೆ ಮುಂದೆ ಹೋಗುತ್ತಾರೆ. ಕೊಡುಗೆಯೆಲ್ಲ ಮರುಕೊಡುಗೆಯ ಸಾಲ ಹೊರಿಸುತ್ತದೆ ಎಂದು ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ವಾದಿಸಿದ್ದ. ಭಾರತದ ದಾನಕ್ಕೆ ಆ ಸೂತ್ರ ಹೊಂದುವುದಿಲ್ಲ ಎಂದು ಮಾನವಶಾಸ್ತ್ರಜ್ಞ ಜೊನಾಥನ್ ಪ್ಯಾರಿ 1986ರಲ್ಲಿ ಬರೆದ. ಕಾಶಿಯ ಅಪರಕರ್ಮದ ಪುರೋಹಿತರನ್ನು ಅಧ್ಯಯನ ಮಾಡಿದ ಅವನಿಗೆ ಕಂಡದ್ದು, ದಾನದೊಂದಿಗೆ ದಾನಿಯ ಪಾಪವೂ ಪಡೆದವರ ಮೈಮೇಲೆ ಬರುತ್ತದೆ ಎಂಬ ಭಯ. ಬೌದ್ಧರಲ್ಲಿ ಈ ಭಯದ ಜಾಗದಲ್ಲಿ ಬೇರೊಂದು ಭಯವಿದೆ: ಶೀಲವಿಲ್ಲದೆ ಊರಿನ ಅನ್ನ ಉಂಡವನು ಕಳ್ಳನ ಹಾಗೆ ಉಂಡಂತೆ ಎಂದು ಐದನೆಯ ಶತಮಾನದ ಬುದ್ಧಘೋಷ ವಿವರಿಸುತ್ತಾನೆ. ಅಂದರೆ ಸಾಲ ಇದೆ; ಅದನ್ನು ತೀರಿಸಬೇಕಾದ್ದು ಕೊಟ್ಟವರಿಗೆ ಮರುಕೊಡುಗೆಯಿಂದಲ್ಲ, ತನ್ನ ಬದುಕಿನ ರೀತಿಯಿಂದ. ಮಾಸ್‌ನ ಸೂತ್ರವನ್ನು ತಿರಸ್ಕರಿಸುವುದಕ್ಕಿಂತ ಹೀಗೆ ತಿದ್ದಿಕೊಳ್ಳುವುದು ಲೇಸು.

ಗ್ರಂಥಗಳಿಂದ ಕಲ್ಲಿನ ಶಾಸನಗಳಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಸಾಂಚಿಯಲ್ಲಿ 600ಕ್ಕೂ ಹೆಚ್ಚು ದಾನಶಾಸನಗಳಿವೆ. ದಕ್ಷಿಣ ತೋರಣದ ಕೆತ್ತನೆಯೊಂದು ವಿದಿಶೆಯ ದಂತಕೆಲಸದವರದು. ದಾನಿಗಳಲ್ಲಿ ಭಿಕ್ಷು ಭಿಕ್ಷುಣಿಯರೂ ಬಹಳ. ಚಿನ್ನ ಬೆಳ್ಳಿ ಮುಟ್ಟಬಾರದ ಭಿಕ್ಷುಣಿ ಕಲ್ಲಿನ ಕಂಬ ಕೊಟ್ಟದ್ದು ಹೇಗೆ? ವಿದ್ವಾಂಸ ಗ್ರೆಗರಿ ಶೋಪೆನ್ ಈ ಪ್ರಶ್ನೆಯನ್ನು ಹಿಡಿದು, ನಿಯಮಪುಸ್ತಕದ ಸಂಘ ಬೇರೆ, ನೆಲದ ಮೇಲಿನ ಸಂಘ ಬೇರೆ ಎಂದು ತೋರಿಸಿದ ಮೇಲೆ ಈ ಕ್ಷೇತ್ರದ ಚರ್ಚೆಯ ದಿಕ್ಕೇ ಬದಲಾಯಿತು. ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಮಹಾಸ್ತೂಪದ ಚಪ್ಪಡಿಗಳ ಮೇಲೂ ಇಂಥ ದಾನಿಗಳ ಹೆಸರುಗಳಿವೆ.

ನಾಸಿಕದ ಗುಹೆಯಲ್ಲಿರುವ ಉಷವದಾತನ ಶಾಸನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕ್ಷತ್ರಪ ನಹಪಾನನ ಅಳಿಯನಾದ ಈತ ಭಿಕ್ಷುಗಳಿಗಾಗಿ 3000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಠೇವಣಿ ಇಟ್ಟ. ಅಸಲು ಹಿಂದಿರುಗಿಸುವಂತಿಲ್ಲ, ಬಡ್ಡಿ ಮಾತ್ರ ಬಳಸಬೇಕು. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, 1000ಕ್ಕೆ ನೂರಕ್ಕೆ ಮುಕ್ಕಾಲು. ಮೊದಲ ಮೊತ್ತದಿಂದ ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ಬಟ್ಟೆಯ ಹಣ. ಲೆಕ್ಕ ಹಾಕಿ ನೋಡಿ: 2000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240, ಇಪ್ಪತ್ತು ಜನಕ್ಕೆ ಹನ್ನೆರಡರಂತೆ ಅದೇ 240. ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಇಂಥ ವ್ಯವಸ್ಥೆ ಬಂದ ಮೇಲೆ ಬಟ್ಟೆಗಾಗಿ ಭಿಕ್ಷು ಯಾರ ಮನೆ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಅವನ ನಡತೆ ನೋಡಿ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಅವಕಾಶ ಊರಿನವರಿಗೂ ಇಲ್ಲ.

ಮುಂದೆ ಊರುಗಳೇ ದಾನವಾದವು. ಏಳನೆಯ ಶತಮಾನದ ಚೀನೀ ಯಾತ್ರಿಕ ಇತ್ಸಿಂಗ್ ಹೇಳುವಂತೆ ನಳಂದದ ಕೈಯಲ್ಲಿ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಿದ್ದವು. ಒಂಬತ್ತನೆಯ ಶತಮಾನದಲ್ಲಿ ಸುವರ್ಣದ್ವೀಪದ ಬಾಲಪುತ್ರದೇವ ಕೇಳಿಕೊಂಡಾಗ ಪಾಲರ ದೇವಪಾಲ ನಳಂದದ ವಿಹಾರಕ್ಕೆ ಮತ್ತೆ ಐದು ಹಳ್ಳಿ ಬಿಟ್ಟುಕೊಟ್ಟ. ಗದಗ ಜಿಲ್ಲೆಯ ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಕಟ್ಟಿಸಿದ ವಿಹಾರಕ್ಕೂ ತಾರಾದೇವಿಗೂ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, 1095ರ ಸುಮಾರಿಗೆ, ದತ್ತಿ ಬಿಟ್ಟದ್ದು ಕನ್ನಡ ನಾಡಿನ ಬೌದ್ಧ ದಾನದ ಕೊನೆಯ ದೊಡ್ಡ ದಾಖಲೆಗಳಲ್ಲಿ ಒಂದು. ರಾಜರೂ ವರ್ತಕರೂ ಸಾಕುವ ವಿಹಾರಕ್ಕೆ ಅವರು ಕೈಬಿಟ್ಟೊಡನೆ ನೆಲೆ ತಪ್ಪುತ್ತದೆ. ಭಾರತದಲ್ಲಿ ಬೌದ್ಧಧರ್ಮ ಕುಂದಲು ಹಲವು ಕಾರಣಗಳನ್ನು ಹೇಳುತ್ತಾರೆ. ದಿನನಿತ್ಯ ಮನೆಮನೆಗೆ ಹೋಗುವುದು ನಿಂತದ್ದೂ ಆ ಪಟ್ಟಿಯಲ್ಲಿ ಮೇಲಿರಬೇಕು ಎನ್ನುವವರ ಜೊತೆ ನಾನಿದ್ದೇನೆ.

ದಾನದ ಮಿತಿಯನ್ನು ಅಶೋಕ ಮೊದಲೇ ಕಂಡಿದ್ದ. ಅವನ ಹನ್ನೆರಡನೆಯ ಶಿಲಾಶಾಸನ ಎಲ್ಲ ಪಂಥಗಳ ಸಾರ ಬೆಳೆಯುವುದು ದಾನಕ್ಕಿಂತಲೂ ಗೌರವಕ್ಕಿಂತಲೂ ಮುಖ್ಯ ಎನ್ನುತ್ತದೆ. ಅದರ ಒಂದು ಪ್ರತಿ ಸಿಕ್ಕಿದ್ದು ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ.

ವೆಸ್ಸಂತರ ಜಾತಕದ ಬಗ್ಗೆ ಹೇಳದೆ ಈ ಸಮೀಕ್ಷೆ ಮುಗಿಯದು. ಆನೆ, ರಾಜ್ಯ, ಕೊನೆಗೆ ಮಕ್ಕಳು ಮತ್ತು ಮಡದಿಯನ್ನೂ ಕೊಟ್ಟುಬಿಡುವ ರಾಜಕುಮಾರನ ಈ ಕಥೆಯನ್ನು ಥಾಯ್ಲೆಂಡಿನಲ್ಲಿ ಇಂದಿಗೂ ಇಡೀ ದಿನ ಕುಳಿತು ಕೇಳುತ್ತಾರೆ. ಬೇರೆಯವರಿಗೆ ನೋವು ತರುವ ದಾನ ದಾನವೇ ಎಂದು ಮಿಲಿಂದಪಞ್ಹದಲ್ಲಿ ಮಿನಾಂಡರ್ ದೊರೆ ನೇರವಾಗಿ ಕೇಳುತ್ತಾನೆ. ಭಿಕ್ಷು ನಾಗಸೇನನ ಉತ್ತರ ಉದ್ದವಾಗಿದೆ, ನನಗೆ ಒಪ್ಪಿಗೆಯಾಗಿಲ್ಲ. ಮಕ್ಕಳನ್ನು ದಾನವಾಗಿ ಬೇಡಿ ಪಡೆದ ಮುದುಕ ಜೂಜಕ ಅವರನ್ನು ಬಳ್ಳಿಯಿಂದ ಕಟ್ಟಿ ಹೊಡೆಯುತ್ತಾ ಎಳೆದೊಯ್ಯುವ ಭಾಗವನ್ನು ಕಥೆಗಾರ ಮುಚ್ಚಿಟ್ಟಿಲ್ಲ. ವಿನಯದ ಕಣ್ಣಿಂದ ನೋಡಿದರೆ ಜೂಜಕ ಕಾಣಾಳ ತಾಯಿಯ ಮನೆಗೆ ಬಂದ ಭಿಕ್ಷುಗಳ ಅತಿರೇಕದ ರೂಪ: ಕೊಡುವವರ ಔದಾರ್ಯವನ್ನೇ ಅವರ ಮೇಲೆ ಬಳಸುವವನು.

ಮಹಾಯಾನ ಈ ಇಕ್ಕಟ್ಟನ್ನು ತತ್ತ್ವದ ಮಟ್ಟದಲ್ಲಿ ಬಿಡಿಸಲು ನೋಡಿತು. ಕೊಡುವವನು, ಪಡೆಯುವವನು, ವಸ್ತು ಮೂರೂ ಶೂನ್ಯ ಎಂದು ತಿಳಿದು ಕೊಟ್ಟದ್ದೇ ಪಾರಮಿತೆ, ಅಂದರೆ ದಾನದ ಪರಿಪೂರ್ಣತೆ. ಎಂಟನೆಯ ಶತಮಾನದ ಶಾಂತಿದೇವ ಬೋಧಿಚರ್ಯಾವತಾರದಲ್ಲಿ ಇನ್ನೊಂದು ಸವಾಲು ಎತ್ತುತ್ತಾನೆ: ಜಗತ್ತಿನ ಬಡತನ ನೀಗುವುದೇ ದಾನಪಾರಮಿತೆಯಾದರೆ, ಬಡತನ ಇನ್ನೂ ಇರುವಾಗ ಹಿಂದಿನ ಬುದ್ಧರು ಅದನ್ನು ಸಾಧಿಸಿದ್ದು ಹೇಗೆ? ಆದ್ದರಿಂದ ಅದು ಮನಸ್ಸಿನ ಸ್ಥಿತಿ ಎನ್ನುತ್ತಾನೆ. ತರ್ಕ ಚೊಕ್ಕವಾಗಿದೆ, ಹಸಿದವರಿಗೆ ಅದರಿಂದ ಪ್ರಯೋಜನವಿಲ್ಲ. ಅದೇ ಶಾಂತಿದೇವ ಇನ್ನೊಂದೆಡೆ ಮೊದಲು ಸೊಪ್ಪುಸದೆ ಕೊಟ್ಟು ಅಭ್ಯಾಸ ಮಾಡಿಕೊ ಎಂದು ಹೇಳುವುದು ಹೆಚ್ಚು ಕೆಲಸಕ್ಕೆ ಬರುವ ಮಾತು. ಮಹಾಯಾನದ ದಾನ ಬಡವರನ್ನು ಮುಟ್ಟಿದ್ದೂ ಉಂಟು: ಚೀನಾದ ಛಾಂಗಾನ್ ನಗರದ ಹುವಾದು ವಿಹಾರದಲ್ಲಿ ಅಕ್ಷಯ ಭಂಡಾರವೆಂಬ ನಿಧಿ ಇತ್ತು. ಬಂದ ದಾನವನ್ನು ದುರಸ್ತಿಗೆ, ಬಡವರಿಗೆ, ಪೂಜೆಗೆ ಹಂಚುತ್ತಿದ್ದರು. ಎಂಟನೆಯ ಶತಮಾನದ ಆರಂಭದಲ್ಲಿ ಸಾಮ್ರಾಟ ಅದನ್ನು ಮುಚ್ಚಿಸಿದ.

ನಮ್ಮ ಕಾಲದಲ್ಲಿ ಪಡೆಯುವವರ ಪ್ರಶ್ನೆ ಹೊಸ ಹೊಸ ರೂಪದಲ್ಲಿ ಬಂದಿದೆ. 1960ರಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಜಮೀನಿನಲ್ಲಿ ಬೈಲಕುಪ್ಪೆಯ ಟಿಬೆಟನ್ ನೆಲೆ ಶುರುವಾಯಿತು. ಅಲ್ಲಿ ಭಿಕ್ಷುಗಳೂ ಕಾಡು ಕಡಿದು ನೆಲ ಹಸನು ಮಾಡಿದರು, ಇಟ್ಟಿಗೆ ಹೊತ್ತರು. ಬೆಳಗಿನ ಪಿಂಡಪಾತ ಅವರ ಪದ್ಧತಿಯಲ್ಲಿ ಇಲ್ಲ. ಥಾಯ್ಲೆಂಡಿನಲ್ಲಿ ಭಕ್ತರು ಕೊಡುವ ಸಿಹಿತಿಂಡಿ, ಪೊಟ್ಟಣದ ಪಾನೀಯಗಳಿಂದ ಭಿಕ್ಷುಗಳಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ ಹೆಚ್ಚಿ, ಏನು ಕೊಡಬೇಕೆಂದು ದಾನಿಗಳಿಗೇ ಆರೋಗ್ಯಾಧಿಕಾರಿಗಳು ತಿಳಿವಳಿಕೆ ಹೇಳಬೇಕಾಗಿದೆ. ಅಂಬೇಡ್ಕರ್ ಅಂತೂ 1957ರಲ್ಲಿ ಪ್ರಕಟವಾದ ತಮ್ಮ ಬುದ್ಧಗ್ರಂಥದ ಪೀಠಿಕೆಯಲ್ಲೇ ಕೇಳಿದರು: ಭಿಕ್ಷು ಇರುವುದು ತಾನು ಪರಿಪೂರ್ಣನಾಗಲಿಕ್ಕೋ, ಜನರ ಸೇವೆಗೋ? ಮೊದಲನೆಯದಾದರೆ ಅವನು ಎಷ್ಟೇ ಪರಿಪೂರ್ಣನಾದರೂ ಸ್ವಾರ್ಥಿಯೇ ಎಂಬುದು ಅವರ ನಿಷ್ಠುರ ಮಾತು. ಕಸಿ ಭಾರದ್ವಾಜನ ಪ್ರಶ್ನೆಯನ್ನೇ ಅವರು ಒಳಗಿನಿಂದ, ಬೌದ್ಧರಾಗಿ ಕೇಳಿದರು.

ಪಡೆಯುವವರ ಕೈಯಲ್ಲಿ ಒಂದು ಅಸ್ತ್ರವೂ ಇದೆ: ಪಡೆಯದಿರುವುದು. ಲಿಚ್ಛವಿ ವಡ್ಢ ಎಂಬವನು ಒಬ್ಬ ಭಿಕ್ಷುವಿನ ಮೇಲೆ ಸುಳ್ಳು ಆರೋಪ ಹೊರಿಸಿದಾಗ ಸಂಘ ಅವನ ಪಾಲಿಗೆ ಭಿಕ್ಷಾಪಾತ್ರೆಯನ್ನು ಬೋರಲು ಹಾಕಿತು, ಅಂದರೆ ಅವನ ಮನೆಯ ದಾನವನ್ನು ನಿರಾಕರಿಸಿತು. ಸುದ್ದಿ ಕೇಳಿ ವಡ್ಢ ಮೂರ್ಛೆ ಹೋದ, ತಪ್ಪೊಪ್ಪಿಕೊಂಡ ಮೇಲೆ ಪಾತ್ರೆ ನೆಟ್ಟಗಾಯಿತು. ಇದೇ ವಿಧಿಯನ್ನು ಬರ್ಮಾದ ಭಿಕ್ಷುಗಳು 1990ರಲ್ಲಿ, ಮತ್ತೆ 2007ರ ಸೆಪ್ಟೆಂಬರಿನಲ್ಲಿ ಸೇನಾಡಳಿತದ ವಿರುದ್ಧ ಪ್ರಯೋಗಿಸಿದರು. ಬೋರಲು ಹಾಕಿದ ಪಾತ್ರೆಗಳನ್ನು ಎತ್ತಿಹಿಡಿದು ಬೀದಿಯಲ್ಲಿ ನಡೆದರು. ಪುಣ್ಯದ ದಾರಿಯನ್ನೇ ಮುಚ್ಚುವ ಈ ಶಿಕ್ಷೆ ಆಳುವವರಿಗೆ ಎಷ್ಟು ಚುಚ್ಚಿತೆಂದರೆ ಸೈನಿಕರು ವಿಹಾರಗಳಿಗೆ ನುಗ್ಗಿ ಭಿಕ್ಷುಗಳನ್ನು ಹಿಡಿದೊಯ್ದರು.

ಬೌದ್ಧ ದಾನದ ಬಗ್ಗೆ ಕನ್ನಡದಲ್ಲಿ ಓದಲು ಹೊರಡುವ ಹೊಸಬರಿಗೆ ಸಾಮಾನ್ಯವಾಗಿ ಜಾತಕಗಳನ್ನು ಕೈಗಿಡುತ್ತೇವೆ. ಇನ್ನು ಮೇಲೆ ವಿನಯಪಿಟಕದ ಆಹಾರದ ಅಧ್ಯಾಯವನ್ನು ಮೊದಲು ಕೊಡಿ. ಶಿಬಿ, ವೆಸ್ಸಂತರರನ್ನು ಆಮೇಲೆ ಓದಿಕೊಳ್ಳಲಿ.